ಬ್ಯಾರೇದವರಿಗೆ ಕೊಡೂದಿಲ್ಲ

ಬೆಟಗೇರಿಯ ನೇಕಾರ ಓಣಿ, ಮುದುಕಿ ಶಂಕ್ರವ್ವನ ಮನೆಯ ಕಟ್ಟೆ. ಆ್ಯಂಟಿಬಯಾಟಿಕ್ ಗುಳಿಗೆಗಳಿಗೆ ರೋಗಾಣುಗಳು ಈಗೀಗ ಏಕೆ ಬಗ್ಗುತ್ತಿಲ್ಲವೆಂದು ಹಲವು ದೇಶಗಳವರು ಕೂಡಿ ನಡೆಸುವ ಸಮೀಕ್ಷೆಗೆ ಡೆನ್ಮಾರ್ಕಿನ ಡಾಕ್ಟರಮ್ಮ ಒಬ್ಬರು ಬಂದಿದ್ದಾರೆ. ಅವರ ಪ್ರಶ್ನೆಗಳನ್ನು ನಮ್ಮ ಮಾತಿಗೆ ತಿರುಗಿಸುವುದು ನನ್ನ ಕೆಲಸ.

“ಆಯಿ, ಉಳಿದ ಗುಳಿಗಿ ಬ್ಯಾರೇದವರಿಗೆ ಕೊಡ್ತೀರೇನ್ರಿ?”

“ಛೇ, ಇಲ್ಲಪಾ,” ಎಂದಳು ಶಂಕ್ರವ್ವ. ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ.

ಅಷ್ಟರಲ್ಲಿ ಧೂಳಿಗೆ ಡಾಕ್ಟರಿಗೆ ಕೆಮ್ಮು ಹತ್ತಿತು. ಶಂಕ್ರವ್ವ ಎಲೆ ಅಡಿಕೆಯ ಸಂಚಿ ಬಿಚ್ಚಿ, ನಾವು ಕೇಳುತ್ತಿದ್ದ ಅವೇ ಕ್ಯಾಪ್ಸೂಲು ಎರಡು ತೆಗೆದು ಅವರ ಅಂಗೈಗೆ ಹಾಕಿದಳು.

“ತಗೋ ನಮ್ಮವ್ವಾ. ನನಗ ಕೆಮ್ಮ ಬಂದಾಗ ತಂದಿದ್ದು, ಎರಡು ಉಳದಾವು.”

ಸಂಚಿಯ ಕಾಚು, ಲವಂಗದ ವಾಸನೆಗೆ ನಾನು ಎರಡು ಓಣಿ ಆಚೆಗಿದ್ದ ನಮ್ಮಜ್ಜಿಯ ಮನೆಗೆ ಹೋಗಿಬಿಟ್ಟೆ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ಅಜ್ಜಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಮೇಲೆದ್ದು ಬಂದು, ಸಂಚಿಯಲ್ಲಿ ಉಳಿಸಿಟ್ಟ ಗುಳಿಗೆ ಮುರಿದು, ನನಗರ್ಧ, ಕೆಮ್ಮುತ್ತಿದ್ದ ಪಕ್ಕದ ಮನೆಯ ಮಮತಾಜಳಿಗರ್ಧ ಕೊಡುತ್ತಿದ್ದಳು. ಅಡಿಕೆಯ ಒಗರು ಆ ಗುಳಿಗೆಗೂ ಹತ್ತಿರುತ್ತಿತ್ತು.

“ಬ್ಯಾರೇದವರಿಗೆ ಕೊಡೂದಿಲ್ಲ ಅಂದ್ರಲ್ಲಾ ಆಯಿ?” ಎಂದೆ.

“ಈಕಿ ಬ್ಯಾರೇದಾಕೇನು? ನಮ್ಮ ಮನಿ ಚಾ ಕುಡದಾಳ.”

ಮುದುಕಿ ಏನೆಂದಳೆಂದು ಡಾಕ್ಟರು ಕೇಳುತ್ತಲೇ ಇದ್ದರು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಮನೆಮನೆಯಲ್ಲೂ ನಾನು ಇದೇ ಪ್ರಶ್ನೆ ಕೇಳಿ, ‘ಇಲ್ಲ’ ಎಂದೇ ಗುರುತು ಹಾಕಿಕೊಂಡು ಬಂದಿದ್ದೆ. ನಮ್ಮಜ್ಜಿಯನ್ನು ಕೇಳಿದ್ದರೆ ಅವಳೂ ‘ಇಲ್ಲ’ ಎಂದೇ ಅನ್ನುತ್ತಿದ್ದಳು.