ದೊಡ್ಡಪ್ಪ ತಟ್ಟಿ ನೋಡದ ಟ್ರೇಲರ್

ದೊಡ್ಡಪ್ಪನ ಬಲಗೈ ನಡುಬೆರಳಿನ ಗೆಣ್ಣು ಹುಣಸೆಬೀಜದ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. ಕಂಡದ್ದನ್ನೆಲ್ಲ ಅದರಿಂದ ತಟ್ಟಿ ನೋಡುವುದು ಅವರ ಚಟ. ಹಲಸಿನಹಣ್ಣು, ನೀರಿನ ಟ್ಯಾಂಕು, ಹೊಸ ಗೋಡೆ, ಬಾಡಿಗೆಗೆ ಬಂದವರ ಸೂಟ್‌ಕೇಸು, ಕೊನೆಗೆ ನನ್ನ ತಲೆ. "ಒಳಗೇನೈತೆ ಅಂತ ಸದ್ದೇ ಹೇಳ್ತದೆ ಕಣ್ಲಾ," ಎನ್ನುತ್ತಿದ್ದರು. ನನ್ನ ತಲೆಯ ಸದ್ದು ಏನು ಹೇಳಿತೆಂದು ಮಾತ್ರ ಬಾಯಿ ಬಿಡಲಿಲ್ಲ.

ನಾಗಸಂದ್ರದ ನಮ್ಮ ರಾಗಿ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದಮೇಲೆ ಅವರಿಗೆ ಕೆಲಸವಿರಲಿಲ್ಲ. ಸುಮ್ಮನೆ ಕೂರಲೂ ಬರುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ತಾರಸಿಗೆ ಹತ್ತುವುದು, ಇಳಿಯುವುದು, ತುಂಬಿದ ಟ್ಯಾಂಕಿಗೆ ಮತ್ತೆ ಮೋಟಾರು ಹಾಕುವುದು. ಅವರನ್ನು ನೋಡಿ ನೋಡಿ ನನಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಮೇಲಿನ ಮಹಡಿಯಿಂದ ದೊಡ್ಡಮ್ಮ ಕೂಗುತ್ತಲೇ ಇರುತ್ತಿದ್ದರು: "ತಟ್ಟಿದ್ದು ಸಾಕು ಬನ್ರೀ, ಕಾಫಿ ಆರೋಗ್ತೈತೆ!"

ಆ ಚಡಪಡಿಕೆಗೆ ಸಿಕ್ಕಿದ್ದು ತಾತನ ಟ್ರೇಲರ್. ಪೀಣ್ಯದ ಗುಜರಿಯಿಂದ ಹಳೇ ಲಾರಿಯ ಅಚ್ಚು, ತಗಡು ತಂದು ತಾತ ಕೈಯಾರೆ ಕಟ್ಟಿದ್ದು. ಗೊಬ್ಬರ, ರಾಗಿ ತೆನೆ, ಆಮೇಲೆ ಈ ಮನೆಗಳ ಇಟ್ಟಿಗೆ, ಎಲ್ಲವನ್ನೂ ಹೊತ್ತಿತ್ತು. ಟ್ರ್ಯಾಕ್ಟರ್ ಮಾರಿದ ಮೇಲೆ ಗೇಟಿನ ಪಕ್ಕ ನಿಂತದ್ದು ನಿಂತೇಬಿಟ್ಟಿತು. ಆದರೂ ಪ್ರತಿ ಆಯುಧಪೂಜೆಗೆ ಅದಕ್ಕೆ ಹಸಿರು ಬಣ್ಣ ಬಳಿದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುವುದು ತಪ್ಪುತ್ತಿರಲಿಲ್ಲ. ಲೋಕವನ್ನೆಲ್ಲ ತಟ್ಟುವ ದೊಡ್ಡಪ್ಪ ಅದೊಂದನ್ನು ತಟ್ಟಿದವರಲ್ಲ. "ಅಪ್ಪನ್ ಕೈಲಾಗಿದ್ದು ಕಣ್ಲಾ. ಅದುನ್ನೂ ಅನುಮಾನ ಪಡೋದಾ?"

ಆ ವರ್ಷ ಇದ್ದಕ್ಕಿದ್ದಂತೆ, "ಈ ಸಲ ಪೂಜೆಗೆ ಓಡೋ ಅಂಗೆ ಮಾಡ್ಬೇಕು," ಎಂದು ಹಟ ಹಿಡಿದರು. ಅದೇ ವರ್ಷ ಅವರಿಗೆ ಎದೆ ಹಿಡಿದುಕೊಳ್ಳಲು ಶುರುವಾಗಿತ್ತು. ಮೆಟ್ಟಿಲ ನಡುವೆ ನಿಂತು ಕಂಬಿ ಹಿಡಿಯುವರು. ಕೇಳಿದರೆ, "ಗ್ಯಾಸು" ಎಂದು ಓಮು ಬಾಯಿಗೆ ಹಾಕಿಕೊಳ್ಳುವರು. ಆಸ್ಪತ್ರೆಯ ಮಾತೆತ್ತಿದರೆ, "ಟ್ರೇಲರ್ ಒಂದು ಮುಗೀಲಿ." ನನಗೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ದೊಡ್ಡಮ್ಮ ಹೇಳಿ ಹೇಳಿ ಸೋತರು.

ಒಂದು ಭಾನುವಾರ ಗ್ರೈಂಡರ್ ತಂದು ನಾನೇ ಬಣ್ಣ ಉಜ್ಜಲು ನಿಂತೆ. ಹಸಿರಿನ ಕೆಳಗೆ ಹಸಿರು, ಅದರ ಕೆಳಗೂ ಹಸಿರು. ತಗಡು ಸಿಗಲೇ ಇಲ್ಲ. ತುಕ್ಕಿನ ಪುಡಿ ಬುಳಬುಳನೆ ಸುರಿದು, ತಳ ತೂತಾಗಿ ನೆಲ ಕಂಡಿತು. ತುಕ್ಕು ಕೆರೆಯದೆ ವರ್ಷವರ್ಷವೂ ಬಳಿದ ಪೂಜೆಯ ಬಣ್ಣವೇ ಅಷ್ಟು ದಿನ ತಳವಾಗಿ ನಿಂತಿತ್ತು.

ದೊಡ್ಡಪ್ಪ ಆ ತೂತಿನೊಳಗೆ ಕೈ ತೂರಿಸಿ ಕೂತುಬಿಟ್ಟರು. ಅವರು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಗೆಣ್ಣಿನಿಂದ ಮೆಲ್ಲಗೆ ತಮ್ಮ ಎದೆಯನ್ನು ತಟ್ಟಿಕೊಂಡರು. "ನಡೀಲಾ, ಆಸ್ಪತ್ರೆಗೆ ಓಗಾನ," ಎಂದರು.

ಡಾಕ್ಟರು ಬೆನ್ನ ಮೇಲೆ ಬೆರಳಿಟ್ಟು ತಟ್ಟುವಾಗ, "ಸದ್ದು ಎಂಗೈತೆ ಸಾರ್?" ಎಂದು ದೊಡ್ಡಪ್ಪ ಕೇಳಿಯೇಬಿಟ್ಟರು. ಸ್ಟೆಂಟ್ ಹಾಕಿದರು. ತಡವಾಗಿ ಬಂದಿದ್ದೀರಿ, ಹೃದಯ ಸೋತಿದೆ ಎಂದೂ ಹೇಳಿದರು. ಮನೆಗೆ ಬಂದ ದೊಡ್ಡಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು, ವೆಲ್ಡಿಂಗಿನವನ ಪ್ರಾಣ ತಿಂದು ಹೊಸ ತಳ ಹಾಕಿಸಿದರು. ತಾತ ತಂದ ಅಚ್ಚು ಮಾತ್ರ ಕಲ್ಲಿನ ಹಾಗಿತ್ತು. ಪೂಜೆಯ ದಿನ ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಕಟ್ಟಿಸಿ, ನಾಚಿ ಕೆಂಪಾದ ದೊಡ್ಡಮ್ಮನನ್ನೂ ಹತ್ತಿಸಿಕೊಂಡು ಮೆಟ್ರೊ ಸ್ಟೇಷನ್ನಿನವರೆಗೆ ಹೋಗಿಬಂದರು. ಯುಗಾದಿಯ ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ.

ವರ್ಷ ತುಂಬಿದ ಮೇಲೆ ಬಂದ ಆಯುಧಪೂಜೆಗೆ ಬಣ್ಣ ತಂದೆ. ಡಬ್ಬಿ ತೆರೆಯುವ ಮೊದಲು ತಳವನ್ನೆಲ್ಲ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಸದ್ದು ಗಟ್ಟಿಯಾಗಿತ್ತು. ಮೇಲಿನಿಂದ ಕೂಗು ಬಂತು: "ತಟ್ಟಿದ್ದು ಸಾಕು ಬನ್ರೀ, ಕಾಫಿ..."

ಕೂಗು ಅಲ್ಲಿಗೇ ನಿಂತಿತು. ನಾನು ತಲೆ ಎತ್ತಲಿಲ್ಲ. ತಟ್ಟುವುದನ್ನೂ ನಿಲ್ಲಿಸಲಿಲ್ಲ.