ಅಕ್ಕನ ಶ್ರುತಿಪೆಟ್ಟಿಗೆಯ ಬ್ಯಾಟರಿ

ಚಾರ್ಜರ್ ಸಿಕ್ಕಿಸಿದ ಮೇಲೂ ಕೆಂಪು ದೀಪ ಹೊತ್ತಿಕೊಳ್ಳದಿದ್ದರೆ, ಎಂಥ ವಿದ್ಯಾವಂತನೂ ಮೊದಲು ಮಾಡುವುದು ಅದನ್ನು ಕಿತ್ತು ಮತ್ತೆ ಸಿಕ್ಕಿಸುವ ಘನಕಾರ್ಯವನ್ನೇ. ನೀವೂ ಮಾಡಿದ್ದೀರಿ, ಒಪ್ಪಿಕೊಳ್ಳಿ. ನಾನಂತೂ ಚಾಮರಾಜಪೇಟೆಯ ಅಕ್ಕನ ಮನೆಯ ಪ್ಲಗ್ಗುಗಳಿಗೆಲ್ಲ ಪ್ರದಕ್ಷಿಣೆ ಹಾಕಿ, ಕೊನೆಗೆ ಅವಳ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ನೆತ್ತಿಯನ್ನು ಎರಡು ಸಲ ತಟ್ಟಿಯೂ ನೋಡಿದೆ. ದೀಪ ಬೆಳಗಲಿಲ್ಲ; ಅಕ್ಕನ ಮುಖವೂ.

ಮೂವತ್ತು ವರ್ಷ ಬಡಾವಣೆಯ ಮಕ್ಕಳಿಗೆ ಸಂಗೀತ ಹೇಳಿಕೊಟ್ಟ ಅಕ್ಕ, ಗಂಟಲಿನ ಆಪರೇಷನ್ ಆದ ಮೇಲೆ ಹತ್ತು ತಿಂಗಳಿಂದ ಪಾಠ ನಿಲ್ಲಿಸಿದ್ದಳು. ಈಗ ಡಾಕ್ಟರು ಹಾಡಬಹುದೆಂದಿದ್ದರು. ಹಳೆಯ ಶಿಷ್ಯೆ ಸುಮತಿ ಒಂದು ವಾರ ಬಿಟ್ಟು ಸೋಮವಾರದಿಂದ ಬರುತ್ತೇನೆಂದಿದ್ದಳು. ಫೋನಿನಲ್ಲೇ ಶ್ರುತಿ ಹಾಕಿಕೋ ಎಂದರೆ, ಯಾರಾದರೂ ಕರೆ ಮಾಡಿದೊಡನೆ ಶ್ರುತಿ ನಿಲ್ಲುತ್ತದೆಂದು ಅಕ್ಕನ ಆಕ್ಷೇಪ.

"ಬಿಡೋ, ಸುಮತಿಗೆ ಬರೋದು ಬೇಡ ಅಂತ ಹೇಳ್ಬಿಡ್ತೀನಿ" ಎಂದಳು. ಆ ದನಿಯಲ್ಲಿ ಬೇಸರಕ್ಕಿಂತ ನಿರಾಳವೇ ಹೆಚ್ಚಾಗಿದ್ದುದರಿಂದ ನನಗೆ ಭಯವಾಯಿತು. ಪೆಟ್ಟಿಗೆಯನ್ನು ಚೀಲಕ್ಕಿಳಿಸಿಕೊಂಡು ಮನೆಗೆ ಬಂದೆ.

ಮೊಬೈಲಿನಲ್ಲಿ ಯಾರೋ ಮಹಾನುಭಾವ ಬೋಧಿಸಿದಂತೆ ಬ್ಯಾಟರಿಯನ್ನು ಬಿಚ್ಚಿ, ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ದೋಸೆಹಿಟ್ಟಿನ ಪಕ್ಕದಲ್ಲಿ ಅದನ್ನು ಕಂಡ ನನ್ನ ಹೆಂಡತಿ, "ಇದೂ ಹುಳಿ ಬರ್ಬೇಕೇನ್ರೀ?" ಎಂದಳು. ಬರಲಿಲ್ಲ, ಬ್ಯಾಟರಿ ತಣ್ಣಗಾಯಿತು, ಅಷ್ಟೆ.

ವಾರವಿಡೀ ಆಫೀಸಿನಲ್ಲಿ ಸವೆದ ಮೈಯನ್ನು ಶನಿವಾರ ನಗರ್ತಪೇಟೆಯ ಜನಜಂಗುಳಿಯಲ್ಲಿ ಹೇಗೋ ತೂರಿಸಿ, ರಿಪೇರಿ ಅಂಗಡಿಯ ಶಾಹೀನಾ ಎಂಬಾಕೆಯ ಮುಂದಿನ ಸ್ಟೂಲಿನ ಮೇಲೆ ಕುಸಿದೆ. ಆಕೆ ಮೀಟರ್ ಹಿಡಿದು ನೋಡಿದರು. "ತಿಂಗಳುಗಟ್ಟಲೆ ಚಾರ್ಜ್ ಮಾಡ್ದೆ ಇಟ್ಟಿದೀರ ಸಾರ್. ಪೂರ್ತಿ ಖಾಲಿಯಾದ್ರೆ ಚಾರ್ಜರ್ ಕೊಟ್ರೂ ತಗೊಳಲ್ಲ."

ಒಳಗಿದ್ದ ಎರಡು ಸೆಲ್ಲುಗಳಿಗೂ ಬೇರೆಬೇರೆಯಾಗಿ, ಮಗುವಿಗೆ ಒಳಲೆಯಲ್ಲಿ ಹಾಲು ಹಾಕಿದಂತೆ, ತೀರಾ ಕಡಿಮೆ ಕರೆಂಟು ಕೊಡುತ್ತ, ಬೆರಳಿಟ್ಟು ನೋಡುತ್ತ ಕೂತರು. ಒಂದು ನಿಧಾನವಾಗಿ ಚೇತರಿಸಿಕೊಂಡಿತು. ಇನ್ನೊಂದು ಬೆಚ್ಚಗಾಯಿತು, ತಟ್ಟನೆ ತಂತಿ ತೆಗೆದರು. ಇನ್ನೂ ಸ್ವಲ್ಪ ನೋಡಿ ಎಂದು ಅಂಗಲಾಚಿದೆ.

"ಹಠ ಮಾಡ್ಬಾರ್ದು ಸಾರ್. ಉಬ್ಬುತ್ತೆ, ಬೆಂಕಿನೂ ಹತ್ಕೊಳುತ್ತೆ. ಹಳೇದಕ್ಕೆ ಹೊಸದು ಜೋಡಿಸೋಕೂ ಆಗಲ್ಲ. ಎರಡೂ ಹೊಸದೇ ಹಾಕ್ತೀನಿ."

ಡಾಕ್ಟರು ಒಪ್ಪುವ ಮುಂಚಿನಿಂದಲೂ ಪ್ರತಿ ಭಾನುವಾರ "ಹಾಡು, ಒಂದು ಸಲ ಹಾಡು" ಎಂದು ಅಕ್ಕನ ಬೆನ್ನುಹತ್ತಿದವನು ನಾನು. ಅವಳು ಯಾಕೆ ನನ್ನನ್ನು ಕಂಡೊಡನೆ ಅಡುಗೆಮನೆಗೆ ಹೋಗುತ್ತಿದ್ದಳೆಂದು ಆ ಸ್ಟೂಲಿನ ಮೇಲೆ ಹೊಳೆಯಿತು.

ಸಂಜೆ ಪೆಟ್ಟಿಗೆಯನ್ನು ಅವಳ ಮುಂದಿಟ್ಟು, "ಸುಮತಿಗೆ ನಾನೇ ಫೋನ್ ಮಾಡಿ ಬೇಡ ಅಂತ ಹೇಳ್ಲಾ ಅಕ್ಕಾ?" ಎಂದೆ. ಅವಳು ಗುಂಡಿ ಒತ್ತಿದಳು. ಕೋಣೆ ತುಂಬ ಶ್ರುತಿ ಹರಡಿತು. ಅವಳ ಹಳೆಯ ಎತ್ತರದ ಶ್ರುತಿ. ಸ್ವಲ್ಪ ಹೊತ್ತು ಕೇಳಿ, ತಿರುಪನ್ನು ಕೆಳಕ್ಕೆ ತಿರುಗಿಸಿದಳು, ಇನ್ನೂ ಕೆಳಕ್ಕೆ. ಷಡ್ಜ ಹಿಡಿದಳು, ದನಿ ಒಡೆಯಿತು. ನಾನು ನೆಲ ನೋಡುತ್ತ ಕುಳಿತೆ. ಎರಡನೆಯ ಸಲ ಅಲುಗದೆ ನಿಂತಿತು.

"ಇನ್ಮೇಲೆ ಇಷ್ಟೇ ಕಣೋ ನನ್ನ ಶ್ರುತಿ" ಎಂದಳು. "ಸೋಮವಾರ ಐದಕ್ಕೆ ಬರೋಕೆ ಹೇಳು."