ನಾನು ಹಾರ್ನಾದ ದಿನ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಶಕುನ ಅಂತ ಮಾತು ಶುರುವಾದರೆ ಎದ್ದು ಹೋಗುವ ಪೈಕಿ ನಾನು. ನಮ್ಮಪ್ಪ ಬೀದರ ಕಡೆಯ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದವರು. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡಿತಂತೆ ಎಂದು ಓಡಿ ಬಂದರೆ, "ಯಾರು ಒಣಗ ಹಾಕ್ಯಾರ ಕೇಳ್ಕೊಂಡು ಬಾ, ಹೋಗು" ಎಂದು ತಿರುಗಿ ಓಡಿಸುತ್ತಿದ್ದರು. ಅಂಥವರ ಮಗಳು ನಾನು. ಮದುವೆಯಾಗಿ ನಾಸಿಕ್ ರೋಡಿಗೆ ಬಂದ ಮೇಲೂ ಅಕ್ಕಪಕ್ಕದ ಹೆಂಗಸರ ಇಂಥ ಕತೆಗಳಿಗೆ ಕಿಸಕ್ಕನೆ ನಕ್ಕು ಬೈಸಿಕೊಂಡಿದ್ದೇನೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನನ್ನ ಕಣ್ಣೆದುರೇ ಆಗಿರದಿದ್ದರೆ ನಾನೂ ನಗುತ್ತಿದ್ದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮವರು ನಾಸಿಕ್ ರೋಡಿನಲ್ಲಿ ಗುಮಾಸ್ತರು. ಅತ್ತೆ ಮಾತ್ರ ಔರಂಗಾಬಾದು ಬಿಟ್ಟು ಬಂದವರಲ್ಲ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಆ ಊರಿನಲ್ಲಿ, ಪೈಠಣ ಗೇಟಿನ ಹತ್ತಿರದ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಬೀದರ, ಕಲಬುರಗಿ ಕಡೆಯಿಂದ ಓದಲು ಬಂದ ಹುಡುಗರು ಅವರ ಕೈಯ ಜೋಳದ ರೊಟ್ಟಿ ತಿಂದೇ ಪಾಸಾಗುತ್ತಿದ್ದರು. ಮಾವನವರು ತೀರಿಕೊಂಡಾಗ ನಮ್ಮವರು ಸಣ್ಣ ಹುಡುಗ, ಮೈದುನ ಇನ್ನೂ ತೊಟ್ಟಿಲಲ್ಲಿದ್ದ. ನಿಜಾಮರ ಕಾಲದಲ್ಲಿ ಮಾವನವರು ಬಾಡಿಗೆ ಮೋಟಾರು ಓಡಿಸುತ್ತಿದ್ದರು, ಎಲ್ಲೋರ, ಅಜಂತಾ ನೋಡಲು ಬಂದ ಪರದೇಶದ ಸಾಹೇಬರನ್ನು ಕರೆದೊಯ್ಯುತ್ತಿದ್ದರು ಎಂಬುದಿಷ್ಟೇ ನನಗೆ ಗೊತ್ತಿದ್ದದ್ದು. ಅತ್ತೆ ಗಂಡನ ಮಾತು ಎತ್ತುವವರೇ ಅಲ್ಲ. ನಮ್ಮವರೂ ಅಷ್ಟೆ, ಅಪ್ಪನ ಸುದ್ದಿ ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುವ ಮನುಷ್ಯ.

ಮೈದುನ ಓದಿ, ಜರ್ಮನಿಗೆ ನೌಕರಿಗೆ ಹೋಗಿ, ಅಲ್ಲಿಯವಳೇ ಆದ ಹೆಲ್ಗಾಳನ್ನು ಮದುವೆಯಾದ. ಯಾರನ್ನೂ ಕೇಳಲಿಲ್ಲ. ಅತ್ತೆ ಒಂದೇ ಮಾತು ಅಂದರು: "ಆ ಹುಡುಗಿ ನನ್ನ ಹೊಸ್ತಿಲಾ ದಾಟಬಾರದು." ಅವನೂ ಅದೇ ತಾಯಿಯ ಮಗನಲ್ಲವೇ, ಅವಳು ಬರದ ಮನೆಗೆ ನಾನೂ ಬರುವುದಿಲ್ಲ ಎಂದು ಕೂತ. ವರ್ಷಗಳು ಹೋದವು. ಪ್ರತಿ ದೀಪಾವಳಿಗೆ ಅತ್ತೆ ಅವನ ಪಾಲಿನ ಕರ್ಚಿಕಾಯಿ ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಮೆತ್ತಗಾದ ಮೇಲೆ ಯಾರಿಗೂ ಕಾಣದ ಹಾಗೆ ಆಕಳಿಗೆ ಹಾಕುತ್ತಿದ್ದರು. ನಾನು ನೋಡಿದ್ದೇನೆ.

ಹೀಗಿರುವಾಗ ಒಂದು ಚಳಿಗಾಲ ಹೆಲ್ಗಾ ನಾಸಿಕ್ ರೋಡಿನ ನಮ್ಮ ಮನೆಗೆ ಒಬ್ಬಳೇ ಬಂದಿಳಿದಳು. ಗಂಡನಿಗೆ ರಜೆ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಇವಳಿಗೆ ಎರಡೂ ಇತ್ತು. ಬಾಗಿಲಿಗಿಂತ ಎತ್ತರದ ಹುಡುಗಿ, ಬಗ್ಗಿ ಒಳಗೆ ಬಂದು "ಅಕ್ಕಾ" ಎಂದು ನನ್ನ ಎರಡೂ ಕೈ ಹಿಡಿದಳು. ಆ ಗಳಿಗೆಯಿಂದಲೇ ನಾನು ಅವಳ ಪಕ್ಷ. ಅತ್ತೆಯನ್ನು ನೋಡಲು ಹೋಗಬೇಕು, ಬಸ್ಸು ಬೇಡ, ಕಾರು ಬಾಡಿಗೆಗೆ ಹಿಡಿದು ನಾನೇ ಓಡಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವರ ಕಡೆ ಹೊರಗಿನವರು ಊರಿಗೆ ಬಂದರೆ ಲೈಸೆನ್ಸು ತೋರಿಸಿ, ಕೀಲಿಕೈ ಇಸಿದುಕೊಂಡು ಹೊರಟೇಬಿಡುತ್ತಾರಂತೆ. ನಮ್ಮಲ್ಲಿ ಬಾಡಿಗೆ ಕಾರು ಎಂದರೆ ಡ್ರೈವರೂ ಸೇರಿಯೇ.

ನಮ್ಮ ಬೀದಿಯಲ್ಲಿ ಉಡುಪಿ ಕಡೆಯ ವಾಸುದೇವ ಭಟ್ಟರ ಹೋಟೆಲಿತ್ತು. ಮದುವೆಮುಂಜಿಗೆ ಬಾಡಿಗೆಗೆ ಬಿಡುವ ಹಳೆಯ ಕಪ್ಪು ಕಾರೊಂದು ಅವರ ಹತ್ತಿರ ಇತ್ತು. ಬಾಡಿಗೆಯ ಮಾತು ಒಂದೇ ಉಸಿರಿಗೆ ಮುಗಿಯಿತು. ತಕರಾರೆಲ್ಲ ಡ್ರೈವರಿನದು.

"ಡ್ರೈವರಿಲ್ಲದೆ ಕಾರು ಕೊಡುವುದು ಅಂದ್ರೆ ಎಂತ ಮಾರಾಯ್ರೆ? ದಾರಿಯಲ್ಲಿ ಗಾಡಿ ನಿಂತ್ರೆ ನಾನು ಯಾರಿಗೆ ಬೈಯ್ಯುವುದು?" ಎಂದರು ಭಟ್ಟರು.

"ನನಗ ಬೈರಿ" ಎಂದೆ ನಾನು.

ಅವಳ ಪರದೇಶದ ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಮಾಧಾನವಾಗದೆ ತಾವೇ ಪಕ್ಕದಲ್ಲಿ ಕೂತು, ಸ್ಟೇಷನ್ನಿನ ತನಕ ಓಡಿಸಿ ತೋರಿಸು ಎಂದರು. ವಾಪಸು ಬಂದಾಗ ಅವರ ಹಣೆಯಲ್ಲಿ ಬೆವರು. "ಓಡಿಸ್ತಾಳೆ, ಚಂದ ಓಡಿಸ್ತಾಳೆ. ಆದ್ರೆ ರಸ್ತೆಯ ಆಚೆ ಬದಿಯಲ್ಲಿ ಓಡಿಸ್ತಾಳೆ!" ಎಂದರು. ಅವರ ದೇಶದಲ್ಲಿ ಬಲಕ್ಕೆ ಹೋಗುವುದು ರೂಢಿ, ಪಾಪ. ಕಡೆಗೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕೀಲಿಕೈ ಕೊಟ್ಟರು. ಕೊಡುವಾಗ ಒಂದು ಮಾತು ಸೇರಿಸಿದರು. "ಹಾರ್ನೊಂದು ಹೊಡೆಯುವುದಿಲ್ಲ. ಬಾಗಿಲಿಗೆ ಕೈಯಲ್ಲಿ ಬಡೀರಿ, ಸಾಕಾಗ್ತದೆ."

ಹಾಗಾಗಿ ಆ ಪ್ರಯಾಣದಲ್ಲಿ ಹಾರ್ನು ನಾನೇ. ನಸುಕಿನಲ್ಲಿ ಹೊರಟೆವು. ನನ್ನ ಹಸಿರು ಇಳಕಲ್ ಸೀರೆ ಉಟ್ಟ ಹೆಲ್ಗಾ, ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ ಸ್ಟೇರಿಂಗ್ ಹಿಡಿದಿದ್ದಳು. ಪಕ್ಕದಲ್ಲಿ ನಾನು, ಹಿಂದೆ ನಮ್ಮವರು. ನಿಫಾಡದ ಹತ್ತಿರ ಕಬ್ಬಿನ ಗಾಡಿಗಳು ಸಾಲುಹಿಡಿದಿದ್ದವು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಾಗಿಲು ದಬದಬ ಬಡಿದು, "ಬಾಜೂಲಾ ವ್ಹಾ! ಬಾಜೂಲಾ!" ಎಂದು ಮರಾಠಿಯಲ್ಲಿ ಪಕ್ಕಕ್ಕೆ ಸರಿಯಲು ಕೂಗುತ್ತಿದ್ದೆ. ರಸ್ತೆ ಖಾಲಿಯಾಯಿತೆಂದರೆ ಹೆಲ್ಗಾ ಮೆಲ್ಲಗೆ ಬಲಕ್ಕೆ ಸರಿಯುತ್ತಿದ್ದಳು. ಆಗ "ಎಡಕ್ಕ! ಎಡಕ್ಕ!" ಎಂದು ಅರಚುವುದೂ ನನ್ನದೇ ಕೆಲಸ. ಅವಳೂ "ಎಡಕ್ಕ, ಎಡಕ್ಕ" ಎನ್ನುತ್ತ ನಗುತ್ತ ತಿರುಗಿಸುತ್ತಿದ್ದಳು. ಯೇವಲೆಯಲ್ಲಿ ಪೊಲೀಸನೊಬ್ಬ ಕಾರು ನಿಲ್ಲಿಸಿ, ಒಳಗೆಲ್ಲ ಕಣ್ಣಾಡಿಸಿ, ನಮ್ಮವರನ್ನು "ಡ್ರೈವರ್ ಕುಠೇ ಆಹೇ?", ಡ್ರೈವರ್ ಎಲ್ಲಿ ಎಂದು ಕೇಳಿದ. ಇವರು ಹೆಲ್ಗಾಳ ಕಡೆ ಬೆರಳು ತೋರಿಸಿದರು. ಅವನು ನಂಬಲಿಲ್ಲ. ಕಾರು ಹೊರಟ ಮೇಲೂ ರಸ್ತೆಯ ನಡುವೆ ನಿಂತು ನೋಡುತ್ತಲೇ ಇದ್ದ. ನನ್ನ ಜೀವಮಾನದಲ್ಲಿ ಅಷ್ಟು ನಕ್ಕ ದಿನ ಇನ್ನೊಂದಿಲ್ಲ.

ಹೆಲ್ಗಾಳಿಗೆ ಬರುತ್ತಿದ್ದ ಕನ್ನಡ ವಾಕ್ಯ ಒಂದೇ: "ಅವ್ವಾ, ನನಗ ಹಸಿವ್ಯಾಗ್ಯದ." ನಮ್ಮವ್ವನ ಮುಂದೆ ಇಷ್ಟು ಹೇಳಿದರೆ ಸಾಕು ಎಂದು ಗಂಡ ಕಲಿಸಿ ಕಳಿಸಿದ್ದನಂತೆ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತಿದ್ದಳು. ವೈಜಾಪುರ ದಾಟಿದ ಮೇಲೆ ನಗು ಕಡಿಮೆಯಾಯಿತು. ಅತ್ತೆ ಬಾಗಿಲು ಹಾಕಿಬಿಟ್ಟರೆ? ಈ ಹುಡುಗಿ ಅಳುತ್ತ ತಿರುಗಿ ಹೋದರೆ ಮೈದುನ ಮತ್ತೆ ಈ ದೇಶಕ್ಕೆ ಕಾಲಿಡುವವನಲ್ಲ. ನಾವು ಬರುವುದನ್ನು ಅತ್ತೆಗೆ ತಿಳಿಸಿಯೇ ಇರಲಿಲ್ಲ. ತಿಳಿಸಿದ್ದರೆ ಬೇಡ ಎನ್ನುತ್ತಿದ್ದರು. ಓಣಿಯ ಮೂಲೆಯಲ್ಲಿ ಕಾರು ನಿಲ್ಲಿಸುವುದು, ಮೊದಲು ನಾನೊಬ್ಬಳೇ ಹೋಗಿ ಅತ್ತೆಯನ್ನು ಮೆತ್ತಗೆ ಮಾಡುವುದು ಎಂದು ಮಾತಾಯಿತು.

ಮೂಲೆಗೆ ಬಂದಾಗ ನಡುಮಧ್ಯಾಹ್ನ. ಹೆಲ್ಗಾ ಇಂಜಿನು ಬಂದ್ ಮಾಡಿದಳು. ನಮ್ಮವರು ಹಿಂದೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ನಾನು ಬಾಗಿಲ ಹಿಡಿಕೆಗೆ ಕೈಹಾಕಿದ್ದೆ. ಹೆಲ್ಗಾ ಕನ್ನಡಿ ನೋಡಿಕೊಂಡು ಎರಡೂ ಕೈಯಿಂದ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಿದ್ದಳು. ಎರಡೂ ಕೈ ಎಂದು ಬೇಕೆಂದೇ ಬರೆಯುತ್ತಿದ್ದೇನೆ.

ಆಗ ಹಾರ್ನು ಹೊಡೆಯಿತು.

ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು. ಬೇರೆ ಯಾವುದೋ ಗಾಡಿಯದಲ್ಲ. ನಮ್ಮದೇ ಕಾರಿನ ಹೊಟ್ಟೆಯಿಂದ ಬಂತು, ನನ್ನ ಅಂಗಾಲಿಗೆ ಅದರ ನಡುಕ ಹತ್ತಿತು. ಹೆಲ್ಗಾ ಕೈ ಎತ್ತಿದವಳು ಎತ್ತಿದ ಹಾಗೇ ನನ್ನನ್ನು ನೋಡಿದಳು. ಹಿಂದಿನಿಂದ ನಮ್ಮವರು ಧಡಕ್ಕನೆ ಎದ್ದು ಕೂತು, "ಅಪ್ಪಾ!" ಎಂದರು. ನಿದ್ದೆಗಣ್ಣು. ಆದರೆ ಆ ದನಿ ನಾನು ಬಲ್ಲ ಮನುಷ್ಯನದಲ್ಲ, ಸಣ್ಣ ಹುಡುಗನದು.

ಅಷ್ಟರಲ್ಲಿ ಅತ್ತೆ ಓಣಿಯಲ್ಲಿ ಓಡಿ ಬರುತ್ತಿದ್ದರು. ಬರಿಗಾಲು, ಕೈತುಂಬ ಜೋಳದ ಹಿಟ್ಟು, ತಲೆಯ ಮೇಲೆ ಸೆರಗಿಲ್ಲ. ಅತ್ತೆ ಓಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ ನೇರ ಡ್ರೈವರಿನ ಕಿಟಕಿಗೆ ಹೋಗಿ ನಿಂತರು. ಏದುಸಿರು ಬಿಡುತ್ತ ಆ ಸೀಟನ್ನು ನೋಡಿದರು, ಅದರಲ್ಲಿ ಕೂತಿದ್ದ ಬಿಳಿ ಮುಖ ನೋಡಿದರು, ಮತ್ತೆ ಸೀಟು ನೋಡಿದರು. ಹೆಲ್ಗಾಳ ಬಾಯಿಂದ ಕಲಿತದ್ದು ಹೊರಬಂತು.

"ಅವ್ವಾ, ನನಗ ಹಸಿವ್ಯಾಗ್ಯದ."

ಅತ್ತೆ ಹಿಟ್ಟಿನ ಕೈಯಿಂದಲೇ ಅವಳ ಗಲ್ಲ ಹಿಡಿದು, "ರೊಟ್ಟಿ ಹಂಚಿನ ಮ್ಯಾಲದ. ಸುಟ್ಟು ಹೋಗ್ತದ, ಲಗೂ ಬಾ ಒಳಗ" ಎಂದರು. ನಾನು ಕಾರಿನಲ್ಲೇ ಕೂತು ಗೊಳೋ ಎಂದು ಅತ್ತುಬಿಟ್ಟೆ. ಖುಷಿಗೆ ಅತ್ತದ್ದು, ಹೇಳಲು ನಾಚಿಕೆಯೇನಿಲ್ಲ. ಆ ದಿನ ಹೆಲ್ಗಾ ತಿಂದ ರೊಟ್ಟಿ ನೋಡಿ ಖಾನಾವಳಿಯ ಹುಡುಗರು ತಮ್ಮ ಊಟ ಮರೆತರು.

ಸಂಜೆ ಪಾತ್ರೆ ತಿಕ್ಕುವಾಗ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು. "ಅವರು ಓಣಿ ಮೂಲಿಗಿ ಬಂದ್ರಂದ್ರ ಹಂಗೇ ಬಾರಸ್ತಿದ್ರು. ಒಂದು ಉದ್ದ, ಎರಡು ಗಿಡ್ಡ. ಅದನ್ನ ಕೇಳಿ ನಾ ಹಂಚಿಗಿ ರೊಟ್ಟಿ ಹಾಕಬೇಕು, ಅವರು ಕೈಕಾಲು ತೊಳಕೊಂಡು ಬರೂದ್ರಾಗ ಬಿಸೀದು ತಾಟಿನಾಗ ಇರಬೇಕು. ಮಂದಿ ನಗ್ತಿದ್ರು, ಇಕಿಗಿ ಭೋಂಗಾ ಆತು ನೋಡ್ರಿ ಅಂತ." ಪಾಳಿಗೆ ಕೂಗುವ ಗಿರಣಿಯ ಸೈರನ್ನಿನ ಹಾಗೆ ಎಂದು ಹೇಳಿ ತಾವೂ ನಕ್ಕರು. ಇವತ್ತೂ ಕೈ ತಾನೇ ರೊಟ್ಟಿ ಹಾಕಿತಂತೆ, ಹಾಕಿದ ಮೇಲೆ ಎದೆ ಝಲ್ಲೆಂದಿತಂತೆ. ಗಂಡ ಬಂದ ಎಂದು ಓಡಿ ಬಂದವರಿಗೆ ಕಂಡದ್ದು ಈ ಹುಡುಗಿ. "ಅವರ ಜಾಗಾದಾಗ ಕೂತು ಬಂದಾಕಿನ್ನ ಬ್ಯಾಡ ಅನ್ನಾಕ ನಾ ಯಾರವ್ವ?" ಎಂದರು. ನಮ್ಮವರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದರು.

ನಾನು ಸುಮ್ಮನೆ ಬಿಡುವವಳಲ್ಲ. ಮರುದಿನ ಖಾನಾವಳಿಯ ಹುಡುಗರನ್ನೆಲ್ಲ ಸೇರಿಸಿ ಹಾರ್ನಿನ ಗುಂಡಿ ಒತ್ತಿಸಿದೆ. ಒತ್ತಿ ಒತ್ತಿ ಅವರ ಬೆರಳು ನೋವಾಯಿತೇ ಹೊರತು ಕುಂಯ್ ಎಂಬ ಶಬ್ದವೂ ಬರಲಿಲ್ಲ. ಎಲ್ಲೋ ತಂತಿಗೆ ತಂತಿ ತಾಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನವನ್ನೂ ಆಮೇಲೆ ನಾಸಿಕ್ಕಿನಲ್ಲಿ ಭಟ್ಟರು ಕೆಡಿಸಿದರು. ಅವರಿಗೆ ಸಂಗತಿ ಹೇಳಿದರೆ ಬಾನೆಟ್ಟು ಎತ್ತಿ, ಎರಡು ತೂತಿನ ಖಾಲಿ ಪಟ್ಟಿ ತೋರಿಸಿದರು. "ಇಲ್ಲಿ ಇರ್ಬೇಕಾದದ್ದು ಇದು ಅಲ್ವಾ?" ಎಂದು ಹೋಟೆಲಿನ ಗಲ್ಲಾದ ಕೆಳಗಿನಿಂದ ಗೋಣಿತಾಟಿನಲ್ಲಿ ಸುತ್ತಿದ ಹಾರ್ನನ್ನು ತಂದು ನನ್ನ ಕೈಗಿಟ್ಟರು. ಕೆಟ್ಟಿತೆಂದು ಯಾವತ್ತೋ ಬಿಚ್ಚಿಟ್ಟದ್ದಂತೆ. ತುಕ್ಕು ಹಿಡಿದು ಭಾರವಾಗಿತ್ತು. ಬದುಕಿದ್ದರೆ ನಮ್ಮಪ್ಪ ಏನನ್ನುತ್ತಿದ್ದರೋ.

ಮುಂದಿನ ಚಳಿಗಾಲಕ್ಕೆ ಮೈದುನ ಬಂದ. ಕರ್ಚಿಕಾಯಿ ಮೆತ್ತಗಾಗುವ ಪ್ರಶ್ನೆಯೇ ಬರಲಿಲ್ಲ. ಅತ್ತೆ ಈಗ ಇಲ್ಲ. ಹೆಲ್ಗಾ ಮಾತ್ರ ಈಗಲೂ ಬರುತ್ತಾಳೆ, ನನಗಿಂತ ತೆಳ್ಳಗೆ ರೊಟ್ಟಿ ಬಡಿಯುತ್ತಾಳೆ. ಆ ಹಾರ್ನಿನ ಮಾತೆತ್ತಿದರೆ ಎರಡೂ ಕೈ ತಲೆಯ ಮೇಲಿಟ್ಟು ತೋರಿಸುತ್ತಾಳೆ.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಕೂತದ್ದು ಹಾರ್ನಲ್ಲ, ನಾವು ಔರಂಗಾಬಾದಿನಿಂದ ವಾಪಸು ಹೊರಟ ಬೆಳಗು. ಅತ್ತೆ ರೊಟ್ಟಿಯ ಗಂಟನ್ನು ಹೆಲ್ಗಾಳ ತೊಡೆಯ ಮೇಲಿಟ್ಟು, "ಹೋಗಿ ಬಾ. ಬರೂ ಮುಂದ ಅವನ್ನೂ ಕರ್ಕೊಂಡು ಬಾ" ಎಂದರು. ಆಮೇಲೆ ಕಾರಿನ ಮುಂದಕ್ಕೆ ಹೋಗಿ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬಗ್ಗಿ ಮೆಲ್ಲಗೆ ಅಂದದ್ದು ಕಿಟಕಿಯಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

"ನೀವೂ ಹೋಗಿ ಬರ್ರಿ. ಹುಡುಗಿಗಿ ಇಲ್ಲಿ ರಸ್ತಾ ಹೊಸಾದು. ಎಡಕ್ಕ ಹೋಗು ಅಂತ ಹೇಳ್ರಿ."

ನಾಸಿಕ್ ಮುಟ್ಟುವ ತನಕ ನಾನು ಒಂದು ಸಲವೂ "ಎಡಕ್ಕ" ಎನ್ನಬೇಕಾಗಲಿಲ್ಲ. ಅವಳಿಗೆ ರೂಢಿಯಾಗಿತ್ತು ಬಿಡು ಎನ್ನುತ್ತಾರೆ ನಮ್ಮವರು. ಇರಬಹುದು.